ಎಷ್ಟು ತೂಗಿತು?

ಮಾರ್ಚ್ 3, ಮಧ್ಯಾಹ್ನ
ಅಂಗಡಿಯಿಂದ, ದನಿಯಲ್ಲಿ

ಅಕ್ಕಾ, ಕೇಳಿಸ್ತಿದೆಯಾ? ಕೇಳಿಸದೆ ಏನು, ನನ್ನ ಗಂಟಲು ಗೋಡೆ ಆಚೆಗೂ ಹೋಗುತ್ತೆ ಅಂತ ನೀನೇ ಹೇಳ್ತಿದ್ದೆ. ಫೋನ್ ಮಾಡಿದ್ರೆ ಎತ್ತಲ್ಲ. ಬಂದ್ರೆ ನೋಡಲ್ಲ. ಕೊನೆಗೆ, ಬಿದ್ದ ಮೇಲೆ ನೀನಿರೋ ಅಂಗವಿಕಲರ ಕೇಂದ್ರದ ಮೇಡಂ ಹೇಳಿದ್ರು, "ಹೇಳೋದಿದ್ರೆ ಮಾತಾಡಿ ರೆಕಾರ್ಡ್ ಮಾಡಿ ಕಳಿಸಿ, ಅವರು ಕೇಳ್ತಾರಂತೆ" ಅಂತ. "ಉತ್ತರ?" ಅಂದೆ. "ಕಾಗದ ಬರೀತಾರಂತೆ, ಎಡಗೈಲಿ" ಅಂದ್ರು. ಸರಿ, ಅಪ್ಪ ನನಗೆ ರೇಡಿಯೋ ಅಂತ ಹೆಸರಿಟ್ಟಿದ್ದು ಐವತ್ತನೇ ವಯಸ್ಸಿಗೆ ಕೆಲಸಕ್ಕೆ ಬಂತು ನೋಡು.

ಶಟರ್ ಅರ್ಧ ಎಳೆದಿದ್ದೀನಿ. ಬೆಂಚಿನ ಮೇಲೆ ದಿನಸಿ ಅಂಗಡಿಯವನ ಕಾಟಾ ಬಿಚ್ಚಿ ಹಾಕಿದೆ. ಐದು ಕೆಜಿ ಇಟ್ರೆ ಐದೂಕಾಲು ತೋರಿಸುತ್ತಂತೆ. "ಎಷ್ಟು ದಿನದಿಂದ?" ಅಂದ್ರೆ "ಇವತ್ತು ಬೆಳಿಗ್ಗೆಯಿಂದ" ಅಂದ. ಎಲ್ಲರ ಕಾಟಾನೂ ಇವತ್ತು ಬೆಳಿಗ್ಗೆಯಿಂದಾನೇ ಕೆಡೋದು, ಅಲ್ವಾ?

ಕೈ ಹೇಗಿದೆ? ಬಿದ್ದು ಮೂರು ವಾರ ಆಯ್ತು. ಬಲಗೈ ಮಣಿಕಟ್ಟು, ಅದೂ ಸೂಜಿ ಹಿಡಿಯೋ ಕೈ. ನನಗೆ ಗೊತ್ತಾಗಲ್ವಾ? ಆದ್ರೆ ನೀನು ನನ್ನ ಮೇಲೆ ಯಾಕೆ ಮುನಿಸ್ಕೊಂಡಿದ್ದೀಯ ಅದು ಗೊತ್ತಾಗ್ತಿಲ್ಲ. ನಿನ್ನ ಮೋಟಾರ್ ಕುರ್ಚಿಯ ಹಳೇ ಆಸಿಡ್ ಬ್ಯಾಟರಿ ಎರಡೂ ಮುದಿಯಾಗಿದ್ವು. ಬೆಳಿಗ್ಗೆ ಹೊಲಿಗೆ ಅಂಗಡಿ ತನಕ ಹೋಗೋದು, ಸಾಯಂಕಾಲ ಬರ್ತಾ ಔಷಧಿ ಅಂಗಡಿ ಮುಂದೆ ಉಸಿರು ಬಿಡೋದು. ನೀನು ಫೋನ್ ಮಾಡೋದು, ನಾನು ಅಂಗಡಿ ಮುಚ್ಚಿ ಓಡಿ ಬಂದು ತಳ್ಳೋದು. "ಇನ್ನು ಮೂಟೆ ಆಗಲ್ಲ ನಾನು, ಏನಾದ್ರೂ ಮಾಡು" ಅಂದೋಳು ನೀನೇ. ಮಾಡ್ದೆ. ಲಿಥಿಯಂ ಬ್ಯಾಟರಿ ತಂದೆ, ತಂತಿ ನಾನೇ ಜೋಡಿಸಿದೆ, ಕುರ್ಚಿ ಬೆನ್ನಿನ ಹಿಂದೆ ಚೀಲ ಹೊಲಿಸಿ ಅದರಲ್ಲಿಟ್ಟೆ, ಹೊಲಿಗೆ ಮಾಸ್ಟರ್ ಒಂದೇ ಕೈಲಿ ತೆಗೆದು ಅಲ್ಲೇ ಚಾರ್ಜಿಗೆ ಹಾಕಲಿ ಅಂತ. ಇಪ್ಪತ್ತೈದು ಕಿಲೋಮೀಟರ್ ಓಡೋ ಬ್ಯಾಟರಿ! ಮೂರನೇ ದಿನಕ್ಕೆ ನಮ್ಮ ಮನೆ ಇಳಿಜಾರಲ್ಲೇ ಹಿಂದಕ್ಕೆ ಮಗುಚ್ಕೊಂಡೆ.

ಮೇಡಂ ಬಂದು "ಹೇಗಾಯ್ತು?" ಅಂತ ಕೇಳಿದ್ರು. "ಹೊಸ ಹುರುಪು, ಜೋರಾಗಿ ಹತ್ತಿಸಿದ್ರು" ಅಂದೆ. ಅದನ್ನೇ ಬರೆದು ಸಹಿ ಹಾಕಿ ಅಂದ್ರು, ಹಾಕ್ದೆ. ಕೇಂದ್ರದವರು ತಾವು ಕೊಟ್ಟ ಕುರ್ಚಿನ ವಾಪಸ್ ತಗೊಂಡು ಹೋಗಿ ಗೋಡೌನಲ್ಲಿ ಬೀಗ ಹಾಕ್ತಾರೆ, ನಿನಗೆ ಇನ್ಮೇಲೆ ತಳ್ಳೋ ಕುರ್ಚಿ ಮಾತ್ರ ಅಂತಾರೆ ಅಂತ ನನಗೇನು ಕನಸು ಬಿದ್ದಿತ್ತಾ? ಮತ್ತೆ ನಾನು ಹೇಳಿದ್ದು ಸುಳ್ಳಾ? ನೀನೇ ಹೇಳು. ಜಾಯ್‌ಸ್ಟಿಕ್ ಪೂರ್ತಿ ಒತ್ತಿರ್ತೀಯ.

ಬೇಗ ಬರಿ. ಮನೇಲಿ ನಾನೊಬ್ಬನೇ. ನನ್ನ ಮಾತು ನನಗೇ ಕೇಳಿ ಕೇಳಿ ಸಾಕಾಗಿದೆ.

ನಿನ್ನ ರೇಡಿಯೋ

*

ಮಾರ್ಚ್ 14

ತಮ್ಮಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕಾಗೆ ಕಾಲು ಗುಬ್ಬಿ ಕಾಲು. ಓದಿಕೋ.

ನಾನು ಜೋರಾಗಿ ಹತ್ತಿಸಲಿಲ್ಲ. ದಿನವೂ ಹತ್ತಿಸಿದಷ್ಟೇ. ಇಳಿಜಾರಿನ ನಡುವಿಗೆ ಬಂದಾಗ ಮುಂದಿನ ಚಕ್ರಗಳು ತಾವಾಗಿ ಎದ್ದವು. ಬಾಗಿಲು ಕಾಣುತ್ತಿದ್ದ ಕಡೆ ಸೂರು ಕಂಡಿತು, ಆಮೇಲೆ ಆಕಾಶ. ನಾನು ಹೇಳುವುದು ಇಷ್ಟೇ.

ಇಲ್ಲಿ ತಳ್ಳುವವರು ಬಂದಾಗ ಊಟ, ಬಂದಾಗ ಸ್ನಾನ. ಮೊನ್ನೆ ಬೆಳಿಗ್ಗೆ ಒಬ್ಬಳು ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಯಾರೋ ಕರೆದರು ಎಂದು ಹೋದಳು. ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಗೋಡೆ ನೋಡಿದೆ. ಒಂದು ಕೈ ಕಟ್ಟಿಕೊಂಡು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿದರೆ ಕುರ್ಚಿ ಇದ್ದಲ್ಲೇ ಸುತ್ತುತ್ತದೆ. ಎರಡು ಸಲ ಸುತ್ತಿ ಮತ್ತೆ ಗೋಡೆಗೇ ಬಂದೆ.

ಬೀಳಲು ಕಾರಣ ನಾನಲ್ಲ ಎಂದು ತೋರಿಸಿದರೆ ಕುರ್ಚಿ ವಾಪಸ್ ಕೊಡುತ್ತಾರಂತೆ. ಹೊಲಿಗೆ ಮಾಸ್ಟರ್ ನನ್ನ ಜಾಗವನ್ನು ಮೇ ಕೊನೆಯವರೆಗೆ ಇಟ್ಟಿರುತ್ತೇನೆ ಎಂದಿದ್ದಾರೆ. ಅಷ್ಟರಲ್ಲಿ ಕುರ್ಚಿ ಬೇಕು. ನೀನು ಕೆಲಸ ಬಲ್ಲವನು. ಏನಾಯಿತೆಂದು ಸರಿಯಾಗಿ ಯೋಚಿಸಿ ಹೇಳು.

ಅಕ್ಕ

*

ಮಾರ್ಚ್ 29, ಶನಿವಾರ
ದನಿಯಲ್ಲಿ

ಅಕ್ಕಾ, ನಿನ್ನ ಕಾಗದ ಓದೋಕೆ ಭೂತಗನ್ನಡಿ ಹಿಡಿದೆ. ಗುಬ್ಬಿ ಕಾಲಾದ್ರೂ ಪರವಾಗಿಲ್ಲ, ನಿನ್ನದು ಕುಂಟು ಗುಬ್ಬಿ.

ಯೋಚಿಸ್ದೆ. ಇಳಿಜಾರು ನೋಡ್ದೆ, ಮಟ್ಟಗೋಲು ಇಟ್ಟು ನೋಡ್ದೆ, ಸಿಮೆಂಟ್ ಎಲ್ಲೂ ಎದ್ದಿಲ್ಲ. ನಾನು ಕಟ್ಟಿದ್ದು ನೂರು ವರ್ಷ ಇರುತ್ತೆ. ಲಿಥಿಯಂ ಬ್ಯಾಟರಿಗೆ ಸ್ವಲ್ಪ ಎಗರೋ ಗುಣ ಇದೆ, ಹಳೇದು ಮುದಿ ಎತ್ತಿನ ಹಾಗೆ ಎಳೀತಿತ್ತು, ಇದು ಹೋರಿ. ಅದು ಇರಬಹುದು. ಗೊತ್ತಿಲ್ಲಪ್ಪ.

ಇವತ್ತು ಬೆಳಿಗ್ಗೆ ಗುಜರಿಯವನು ಬಂದಿದ್ದ. ಹಳೇ ಬ್ಯಾಟರಿ ಎರಡು ಮೂಲೇಲಿ ಬಿದ್ದಿದ್ವಲ್ಲ, ಕೊಟ್ಟುಬಿಡೋಣ ಅಂತ ನಾನೇ ಕರೆದಿದ್ದೆ. ಎತ್ತೋಕೆ ಹೋದ್ರೆ ಸೊಂಟ ಹಿಡೀತು. "ಸಾರ್ ಬಿಡಿ, ವಯಸ್ಸಾಯ್ತು" ಅಂತ ಅವನು. "ನಿನ್ನ ತಕ್ಕಡಿ ನಾನು ನಂಬಲ್ಲ, ನಮ್ಮ ಕಾಟಾ ಮೇಲೆ ಇಡು" ಅಂದೆ. "ಡಾಕ್ಟರ ಮನೇಲಿ ಯಾರು ಮಾತ್ರೆ ಮಾರ್ತಾರೆ ಬಿಡಿ" ಅಂತ ನಗ್ತಾ ಎರಡನ್ನೂ ಕಾಟಾ ಮೇಲೆ ಇಟ್ಟ. ಮುಳ್ಳು ಹೋಯ್ತು, ಹೋಯ್ತು, ಹೋಗಿ ನಿಂತಿತು.

ನಾನು ನೋಡ್ತಾ ನಿಂತೆ.

"ಎಷ್ಟು ಸಾರ್?" ಅಂದ. ಇಷ್ಟು ಅಂತ ಹೇಳೋದು ಬಿಟ್ಟು "ಇವತ್ತು ಕೊಡಲ್ಲ, ಹೋಗಯ್ಯ" ಅಂದೆ. "ಬೆಳಿಗ್ಗೆ ಕರೀತೀರಿ, ಹತ್ತು ಗಂಟೆಗೆ ಓಡಿಸ್ತೀರಿ. ಹಳೇ ಬ್ಯಾಟರಿ ಮೇಲೂ ಪ್ರೀತಿನಾ?" ಅಂತ ಗೊಣಗ್ತಾ ಹೋದ.

ಇರಲಿ ಬಿಡು. ಇನ್ನೇನು ಹೇಳ್ಬೇಕು ಅಂತಿದ್ದೆ... ಹಾಂ, ಪಕ್ಕದ ಗಾಜಿನಂಗಡಿಯವನು ಬೋರ್ಡ್ ಬದಲಾಯಿಸಿದ, ಹಸಿರು ಬಣ್ಣ, ಕಣ್ಣಿಗೆ ಹೊಡೆಯುತ್ತೆ. ನಲ್ಲಿ ಸೋರ್ತಿತ್ತು, ಸರಿ ಮಾಡ್ದೆ. ನಿನ್ನ ರೂಮಿನ ಕಿಟಕಿ ತೆಗೆದಿಟ್ಟಿರ್ತೀನಿ ದಿನಾ, ಗಾಳಿ ಆಡಲಿ ಅಂತ.

ಆಮೇಲೆ ಮಾತಾಡ್ತೀನಿ. ಗಿರಾಕಿ ಬಂದ.

ರೇಡಿಯೋ

*

ಏಪ್ರಿಲ್ 6

ಎಷ್ಟು ತೂಗಿತು?

ಅಕ್ಕ

*

ಏಪ್ರಿಲ್ 15, ಮಧ್ಯಾಹ್ನ
ದನಿಯಲ್ಲಿ

ಇಡೀ ಹಾಳೆಗೆ ಎರಡೇ ಪದಾನಾ? ಹಾಳೆ ತಿರುಗಿಸಿ ನೋಡ್ದೆ, ಲಕೋಟೆ ಒಳಗೆ ಬೆರಳು ಹಾಕಿ ನೋಡ್ದೆ.

ಆ ಮಾತನ್ನ ಯಾಕೆ ಎತ್ತಿದೆ ನೀನು? ಬೇಕೂಂತಾನೇ ಎತ್ತಿದ್ದೀಯ. ಈಗ ಅಪ್ಪ ಬಂದು ಎದುರಿಗೆ ನಿಂತ ಹಾಗಾಯ್ತು. ಮನೇಲಿ ಏನಾದ್ರೂ ಒಡೆದ್ರೆ, ಕಳೆದ್ರೆ, ಬೈಗುಳ ಇಲ್ಲ, ಏಟು ಇಲ್ಲ, "ಕಾಟಾ ಹತ್ತು" ಅಷ್ಟೇ. ಮೂಟೆ ತೂಗೋ ಆ ಕಬ್ಬಿಣದ ಹಲಗೆ ಮೇಲೆ ಕೂತ್ಕೋಬೇಕು. ಅಪ್ಪ ತನ್ನ ಪಾಡಿಗೆ ಕೆಲಸ ಮಾಡ್ತಾ ಆಗಾಗ ತಲೆ ಎತ್ತಿ, "ಎಷ್ಟು ತೂಗಿತು?" ನಿಜ ಹೇಳೋ ತನಕ ಇಳಿಯೋ ಹಾಗಿಲ್ಲ. ಸುಳ್ಳು ಹೇಳೋರು ಭಾರ ಆಗ್ತಾರೆ, ಮುಳ್ಳು ಮೇಲಕ್ಕೆ ಹೋಗುತ್ತೆ ಅಂತ ಬೇರೆ ಹೆದರಿಸ್ತಿದ್ರು. ಆಮೇಲೆ ಗೊತ್ತಾಯ್ತು, ಅಪ್ಪ ಹಲಗೆ ಮೂಲೇನ ಕಾಲಬೆರಳಲ್ಲಿ ಒತ್ತುತ್ತಿದ್ರು.

ತೂಕದ ಹಿತ್ತಾಳೆ ಬಟ್ಟು ಬಾವಿಗೆ ಬಿದ್ದ ದಿನ ನೆನಪಿದೆಯಾ? ಇಷ್ಟೇ ಇಷ್ಟು, ಐವತ್ತು ಗ್ರಾಮಿಂದು. ಬೀಳಿಸಿದ್ದು ನಾನು. ನನಗೆ ಎಂಟು ವರ್ಷ, ನಿನಗೆ ಹದಿನಾಲ್ಕು. ಬಾವಿಕಟ್ಟೆ ಹತ್ರಕ್ಕೂ ಹೋಗೋಕೆ ಆಗದ ನೀನು "ನಾನೇ ಬೀಳಿಸಿದ್ದು" ಅಂದೆ. ಅಪ್ಪ ನಿನ್ನನ್ನ ಎತ್ತಿಕೊಂಡು ಹೋಗಿ ಕಾಟಾ ಮೇಲೆ ಕೂರಿಸಿದ್ರು. ಬೆಳಿಗ್ಗೆಯಿಂದ ಮೂರು ಗಂಟೆ ತನಕ ಕೂತಿದ್ದೆ. ನಾನು ಬಾಗಿಲ ಸಂದಿಲಿ ನೋಡ್ತಿದ್ದೆ. ಅಪ್ಪನಿಗೂ ಗೊತ್ತಿತ್ತು, ಅವರು ಕಾಯ್ತಾ ಇದ್ದಿದ್ದು ನಾನು ಬಂದು ಹೇಳ್ತೀನಾ ಅಂತ. ನಾನು ಹೋಗಲಿಲ್ಲ.

ಎಂಟು ವರ್ಷದ ಹುಡುಗ, ಅಕ್ಕಾ. ಅದನ್ನ ಈಗ ಯಾಕೆ ಕೆದಕ್ತೀಯ?

ಕೆದಕೋದಾದ್ರೆ ನಾನೂ ಕೆದಕ್ತೀನಿ ತಗೋ. ಅಪ್ಪ ಹೋದ ಮೇಲೆ, ಈ ಮೋಟಾರ್ ಕುರ್ಚಿ ಬರೋ ತನಕ, ಹದಿನಾರು ವರ್ಷ ನಿನ್ನನ್ನ ತಳ್ಳಿದ್ದು ಯಾರು? ಬೆಳಿಗ್ಗೆ ಹೊಲಿಗೆ ಅಂಗಡಿಗೆ, ಸಾಯಂಕಾಲ ಮನೆಗೆ. ನನ್ನ ವಾರಿಗೆಯವರು ಮದುವೆ ಆದ್ರು, ಮಕ್ಕಳನ್ನ ತಳ್ಳೋ ಗಾಡಿ ತಗೊಂಡ್ರು. ದಾರೀಲಿ ಎದುರಾದ್ರೆ ಗಾಡಿಗೆ ಗಾಡಿ, ನಾನು ನಗ್ತಿದ್ದೆ. ಅದನ್ನ ಯಾರು ತೂಗಿದ್ರು? ಅದು ಎಷ್ಟು ತೂಗಿತು?

ಬಿಡು. ಬಿಸಿಲಿಗೆ ತಲೆ ಕೆಟ್ಟಿದೆ. ಬ್ಯಾಟರಿ ತೂಕ ತಾನೇ ನಿನಗೆ ಬೇಕಾಗಿದ್ದು? ಸುಮಾರು ತೂಗಿತು. ಎಲ್ಲ ಆಸಿಡ್ ಬ್ಯಾಟರಿ ತೂಗೋ ಹಾಗೆ. ಸಾಕಾ?

ರೇಡಿಯೋ

*

ಏಪ್ರಿಲ್ 24

ನಮ್ಮ ಅಂಗಡಿಯಲ್ಲಿ 'ಸುಮಾರು' ಎಂಬ ಮಾತು ಇರಲಿಲ್ಲ.

ಪ್ಲಾಸ್ಟರ್ ಬಿಚ್ಚಿದರು. ಹೆಬ್ಬೆರಳು ಮತ್ತು ತೋರುಬೆರಳು ಒಂದನ್ನೊಂದು ಮುಟ್ಟುತ್ತಿಲ್ಲ, ನಡುವೆ ಒಂದು ಕಾಳಿನಷ್ಟು ಜಾಗ ಉಳಿಯುತ್ತಿದೆ.

ಎಷ್ಟು ತೂಗಿತು?

ಅಕ್ಕ

*

ಮೇ 11, ಭಾನುವಾರ
ಬಸ್ ನಿಲ್ದಾಣದಿಂದ, ದನಿಯಲ್ಲಿ

ಅಕ್ಕಾ, ಇಲ್ಲಿ ಗದ್ದಲ, ಕೇಳಿಸುತ್ತೋ ಇಲ್ವೋ. ನಿಮ್ಮ ಕೇಂದ್ರದ ತನಕ ಬಂದಿದ್ದೆ ಇವತ್ತು. ಗೇಟಿನವನು "ಯಾರನ್ನ ನೋಡ್ಬೇಕು?" ಅಂದ. "ಯಾರನ್ನೂ ಇಲ್ಲ, ನಿಮ್ಮಲ್ಲಿ ತೂಕದ ಯಂತ್ರ ಇದೆಯಾ, ರಿಪೇರಿ ಇದೆಯಾ" ಅಂತ ಕೇಳ್ದೆ. ಬಾಯಿಗೆ ಬಂದಿದ್ದು ಅದು. "ಅಡುಗೆಮನೇಲಿ ಒಂದಿದೆ, ಚೆನ್ನಾಗಿದೆ, ಹೋಗಿ" ಅಂದ.

ಬೇಲಿ ಸುತ್ತಿ ಹಿಂದುಗಡೆ ಬಂದೆ. ಎರಡನೇ ಕಿಟಕಿ ನಿನ್ನದು ಅಂತ ಮೇಡಂ ಯಾವತ್ತೋ ಹೇಳಿದ್ರು. ಬೆನ್ನು ಕಾಣಿಸ್ತು. ಜಡೆ ಯಾರೋ ಹಾಕಿದ್ದಾರೆ, ಸೊಟ್ಟಗಿತ್ತು. ಹೊರಗೆ ಇಷ್ಟು ಬೆಳಕಿದೆ, ನಿನ್ನ ಮುಖ ಆ ಕಡೆ, ಗೋಡೆಗೆ. ಕೂಗೋಣ ಅಂತ ಬಾಯಿ ತೆಗೆದೆ. ಯಾರನ್ನ ಬೇಕಾದ್ರೂ ಕೇಳು, ಐವತ್ತು ವರ್ಷದಲ್ಲಿ ನನ್ನ ಬಾಯಿ ತೆರೆದು ಸದ್ದು ಬರದೇ ಇದ್ದದ್ದು ಅದೇ ಮೊದಲು.

ಕೇಳು, ನಾನೊಂದು ಮಾತು ಕೇಳ್ತೀನಿ. ಒಬ್ಬ ಮನುಷ್ಯನ ಹತ್ರ ಊರೆಲ್ಲ ತಕ್ಕಡಿ ತರ್ತಾರೆ. ಚಿನ್ನದಂಗಡಿಯವರು ತರ್ತಾರೆ, ಮೂಟೆಯವರು ತರ್ತಾರೆ. ಇವನು ಮುಟ್ಟಿದ್ರೆ ಸರಿ ಅನ್ನೋ ಒಂದೇ ಮಾತಿನ ಮೇಲೆ ಅವನ ಅಂಗಡಿ ನಿಂತಿದೆ. ಅಂಥವನು ಒಂದು ತೂಕದ ಲೆಕ್ಕ ತಪ್ಪಿದ ಅಂತ ಕಾಗದದಲ್ಲಿ ಬರೆದು ಸಹಿ ಹಾಕಿ ಕೊಟ್ರೆ... ನಗೋರು ಯಾರು ಬಿಡ್ತಾರೆ? ನಾನು ನನ್ನ ವಿಷಯ ಹೇಳ್ತಿಲ್ಲ. ಮಾತಿಗೆ ಹೇಳ್ದೆ.

ಬಸ್ ಬಂತು.

*

ಮೇ 19

ಮಾತಿಗೆ ಹೇಳಬೇಡ.

ಮೇ ಮುಗಿಯಲು ಹನ್ನೆರಡು ದಿನ.

*

ಜೂನ್ 4, ಮಧ್ಯಾಹ್ನ
ಅಂಗಡಿಯಿಂದ, ದನಿಯಲ್ಲಿ

ಅಕ್ಕಾ. ಇವತ್ತು ಕಾಟಾ ಮೇಲೆ ಕೂತು ಮಾತಾಡ್ತಿದ್ದೀನಿ. ಮೂಟೆ ಕಾಟಾ, ಅದೇ ಹಲಗೆ. ಶಟರ್ ಪೂರ್ತಿ ಎಳೆದಿದ್ದೀನಿ.

ಮೊನ್ನೆ ಹೊಲಿಗೆ ಮಾಸ್ಟರ್ ಬಂದಿದ್ರು. ಕೈಲಿ ನಿನ್ನ ಬಿಸ್ಕತ್ತಿನ ಡಬ್ಬ. ಕತ್ತರಿ, ಮೇಣದ ತುಂಡು, ಬೆರಳಿಗೆ ಹಾಕೋ ಹಿತ್ತಾಳೆ ಟೋಪಿ, ನೀನು ಕೂತ್ಕೋತಿದ್ದ ದಿಂಬು. "ಗುಂಡಿ ಕಾಜಾ ಹೊಲಿಯೋ ಮಿಷನ್ ತಂದೆ. ಕೋಟಿನವರು ಕಾಯಲ್ಲ ಅಂದ್ರು. ನಾನೂ ಎಷ್ಟು ದಿನ ಅಂತ..." ಅಂದ್ರು. ನಾನು "ಪಾಪ, ನೀವೇನು ಮಾಡೋಕಾಗುತ್ತೆ, ಅವಳು ಜೋರಾಗಿ ಓಡಿಸದೆ ಇದ್ದಿದ್ರೆ" ಅಂದೆ.

ಬಂದುಬಿಡ್ತು ಬಾಯಿಗೆ. ಅಷ್ಟು ಅಭ್ಯಾಸ ಆಗಿತ್ತು ಆ ಮಾತು.

ಮಾಸ್ಟರ್ ನನ್ನನ್ನೇ ನೋಡಿದ್ರು. "ಇಪ್ಪತ್ತೆರಡು ವರ್ಷ ನನ್ನ ಕಣ್ಣೆದುರಿಗೆ ಕೂತು ಕಾಜಾ ಹೊಲಿದ ಹೆಂಗಸು. ಎಳೆ ಎಣಿಸಿ ಸೂಜಿ ಹಾಕೋರು ಜೋರಾಗಿ ಓಡಿಸ್ತಾರಾ? ಯಾರಿಗೆ ಹೇಳ್ತೀರಿ ಇವರೇ" ಅಂದ್ರು. ಡಬ್ಬ ಇಟ್ಟು ಹೋದ್ರು. ಟೀ ತರಿಸ್ತೀನಿ ಅಂದೆ, ತಿರುಗಿ ಕೂಡ ನೋಡಲಿಲ್ಲ.

ಇಪ್ಪತ್ನಾಲ್ಕು ಕೆಜಿ.

ಹಳೇವು ಎರಡೂ ಸೇರಿ ಇಪ್ಪತ್ನಾಲ್ಕು. ಹೊಸದು ಆರು. ಗುಜರಿಯವನು ಬಂದ ದಿನ ಮುಳ್ಳು ಇಪ್ಪತ್ನಾಲ್ಕರ ಮೇಲೆ ನಿಂತಾಗಲೇ ನನಗೆ ಗೊತ್ತಾಯ್ತು, ಅಕ್ಕಾ. ಮಾರ್ಚ್ ಇಪ್ಪತ್ತೊಂಬತ್ತು. ಅವತ್ತಿನ ತನಕ ನಾನು ಹೇಳಿದ್ದು ನಿಜ ಅಂತಾನೇ ನಂಬಿದ್ದೆ, ಅದೊಂದು ಹೇಳ್ತೀನಿ. ಅಲ್ಲಿಂದ ಈಚೆಗೆ ಹೇಳಿದ್ದೆಲ್ಲ ಗೊತ್ತಿದ್ದೇ ಹೇಳಿದ್ದು.

ಹಳೇ ಬ್ಯಾಟರಿ ಒಳಗಿನ ಆ ಸೀಸ ನಿನ್ನ ಕುರ್ಚಿನ ಓಡಿಸೋದು ಮಾತ್ರ ಅಲ್ಲ, ಹಿಡಿದು ಕೂರಿಸಿತ್ತು. ಸೀಟಿನ ಕೆಳಗೆ, ಹಿಂದಿನ ದೊಡ್ಡ ಚಕ್ರಕ್ಕಿಂತ ಮುಂದಕ್ಕೆ ಇತ್ತು. ನಾನು ಅದನ್ನ ತೆಗೆದೆ. ತೆಗೆದ ಜಾಗ ಖಾಲಿ ಬಿಟ್ಟೆ. ಹೊಸದನ್ನ ಬೆನ್ನಿಗೆ ಕಟ್ಟಿದೆ, ಚಕ್ರದ ಆ ಕಡೆ. ಒಂದು ತಟ್ಟೆಯಿಂದ ಇಪ್ಪತ್ನಾಲ್ಕು ತೆಗೆದು ಇನ್ನೊಂದು ತಟ್ಟೆಗೆ ಆರು ಹಾಕಿದೆ. ತಕ್ಕಡಿ ಎತ್ತ ವಾಲುತ್ತೆ ಅಂತ ಮೂರನೇ ಕ್ಲಾಸಿನ ಮಗೂನ ಕೇಳಿದ್ರೂ ಹೇಳುತ್ತೆ. ನಾನು ಮೂವತ್ತು ವರ್ಷದಿಂದ ತಕ್ಕಡಿ ರಿಪೇರಿ ಮಾಡೋನು.

ಹಿಂದೆ ಎರಡು ಪುಟ್ಟ ಚಕ್ರ ಇದ್ವಲ್ಲ, ಹಿಂದಕ್ಕೆ ಮಗುಚದ ಹಾಗೆ ತಡೆಯೋಕೆ? ಇಳಿಜಾರಿನ ಬುಡದಲ್ಲಿ ನೆಲಕ್ಕೆ ಉಜ್ಜುತ್ತೆ ಅಂತ ಎರಡು ವರ್ಷದ ಹಿಂದೆ ಅವನ್ನ ಬಿಚ್ಚಿದ್ದೂ ನಾನೇ. ಬೆಂಚಿನ ಕೆಳಗೆ ಡಬ್ಬಿಲಿ ಇವೆ. ಅವಾಗ ಏನೂ ಆಗಲಿಲ್ಲ, ಸೀಸ ಹಿಡಿದುಕೊಂಡಿತ್ತು.

ನಿನ್ನೆ ಮೇಡಂ ಹತ್ರ ಹೋಗಿ ಎಲ್ಲ ಬರೆದುಕೊಟ್ಟೆ. ಹಳೇ ಕಾಗದದ ಪಕ್ಕದಲ್ಲೇ ಇಟ್ಟು ಓದಿದ್ರು. ಓದಿ ಕನ್ನಡಕ ತೆಗೆದು, "ನೀವು ತೂಕದವರು ಅಲ್ವಾ?" ಅಂದ್ರು. ಅಷ್ಟೇ. ಅವರೇನಾದ್ರೂ ಬೈದಿದ್ರೆ ನಾಲ್ಕು ಮಾತಾಡಬಹುದಿತ್ತು.

ಇನ್ನೊಂದಿದೆ. ಇದನ್ನ ಮೇಡಂಗೆ ಬರೆದುಕೊಡಲಿಲ್ಲ. ಹೊಸ ಬ್ಯಾಟರಿ ಹಾಕಿದ್ದು ನಿನಗೋಸ್ಕರ ಅಂತ ಊರಿಗೆಲ್ಲ ಹೇಳ್ದೆ. ನನಗೋಸ್ಕರ ಹಾಕಿದ್ದು. ಔಷಧಿ ಅಂಗಡಿ ಮುಂದೆಯಿಂದ ನೀನು ಫೋನ್ ಮಾಡಿದಾಗಲೆಲ್ಲ ಶಟರ್ ಎಳೀತಾ ಅಂದ್ಕೋತಿದ್ದೆ, ಮತ್ತೆ ತಳ್ಳಬೇಕಲ್ಲಪ್ಪ ಅಂತ. ಇಪ್ಪತ್ತೈದು ಕಿಲೋಮೀಟರ್ ಅಂತ ಬ್ಯಾಟರಿ ಮಾರಿದವನು ಹೇಳ್ದಾಗ ನಾನು ಕುಣಿದಿದ್ದು ನಿನ್ನ ಕಾಲಿಗಲ್ಲ, ನನ್ನ ಕೈಗೆ ಬಿಡುಗಡೆ ಅಂತ. ಆ ಸಂತೋಷದಲ್ಲಿ ಹೊಸದನ್ನ ಕೈಲಿ ಹಿಡಿದು "ಆಹಾ ಎಷ್ಟು ಹಗುರ, ಎಷ್ಟು ಹಗುರ" ಅಂದೆ. ಆದ್ರೂ ತೂಗಲಿಲ್ಲ.

ಇಷ್ಟೇ. ಇಳೀಲಾ?

ತಮ್ಮ

*

ಜೂನ್ 20

ತಮ್ಮಾ,

ಬಲಗೈಯಿಂದ ಬರೆಯುತ್ತಿದ್ದೇನೆ. ಪೆನ್ನಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಂಡಿದ್ದೇನೆ. ಪೆನ್ನನ್ನು ದಪ್ಪ ಮಾಡಬಹುದು, ಸೂಜಿಯನ್ನು ಆಗುವುದಿಲ್ಲ. ಕಾಜಾ ಕೆಲಸ ಮುಗಿಯಿತು.

ನಿನಗೆ ಮಾರ್ಚ್ ಇಪ್ಪತ್ತೊಂಬತ್ತಕ್ಕೆ ಗೊತ್ತಾಯಿತು. ನನಗೆ ಬಿದ್ದ ದಿನವೇ ಗೊತ್ತಾಯಿತು. ಇಳಿಜಾರಿನಲ್ಲಿ ಅಂಗಾತ ಬಿದ್ದಿದ್ದೆ, ಕುರ್ಚಿ ಪಕ್ಕದಲ್ಲಿ ಮಗುಚಿತ್ತು. ಸೀಟಿನ ಕೆಳಗಿನ ಖಾಲಿ ಪೆಟ್ಟಿಗೆ ನನ್ನ ಕಣ್ಣೆದುರಿಗೇ ಇತ್ತು. ನಾನೂ ಆ ಅಂಗಡಿಯಲ್ಲೇ ಬೆಳೆದವಳು. ನೀನು ಓಡಿ ಬಂದೆ. ಈಗ ಹೇಳುತ್ತಾನೆ ಎಂದುಕೊಂಡೆ. ನೀನು "ಯಾಕೆ ಅಷ್ಟು ಜೋರಾಗಿ ಬಂದೆ?" ಎಂದೆ.

ಮೇಡಂಗೆ ನಾನೇ ಹೇಳಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಹೇಳಿದೆ. "ಮೆಕ್ಯಾನಿಕ್ ಬರೆದುಕೊಟ್ಟಿದ್ದಾರೆ, ನೀವು ಹೊಲಿಗೆಯವರು" ಎಂದರು. ನೀನು ಹೇಳಿದರೆ ಮಾತ್ರ ಆಗುತ್ತಿತ್ತು. ಮೊದಲ ಕಾಗದದಲ್ಲೇ ಕೇಳಿದೆ, ಮೇ ಕೊನೆಯೊಳಗೆ ಎಂದೂ ಬರೆದೆ. ನೀನು ಜೂನ್ ನಾಲ್ಕಕ್ಕೆ ಹೇಳಿದೆ.

ಎಂಟು ವರ್ಷದ ಹುಡುಗ ಬಾಗಿಲ ಸಂದಿಯಲ್ಲಿ ನಿಂತಿದ್ದುದನ್ನು ನಾನು ಅವತ್ತೇ ನೋಡಿದ್ದೆ. ಬೇಜಾರಾಗಲಿಲ್ಲ. ನಾನು ಕೂತಿದ್ದು ನನ್ನ ಇಷ್ಟದಿಂದ. ಈ ಸಲ ನೀನು ನನ್ನನ್ನು ಎತ್ತಿ ಕೂರಿಸಿದೆ.

ನೀನು ತಳ್ಳಿದ್ದನ್ನು ಯಾರು ತೂಗಿದರು ಎಂದು ಕೇಳಿದ್ದೆ. ನಾನು. ದಿನವೂ. ತಳ್ಳಿಸಿಕೊಳ್ಳುವವರಿಗೆ ಹಿಂದೆ ತಿರುಗಿ ನೋಡುವುದೇ ಬೇಡ. ಕುತ್ತಿಗೆಗೆ ತಾಗುವ ಉಸಿರಿನಲ್ಲೇ ಇವತ್ತು ಮನಸ್ಸಿದೆಯೋ ಇಲ್ಲವೋ ಗೊತ್ತಾಗುತ್ತದೆ. ಅದಕ್ಕೇ "ಮೂಟೆ ಆಗಲ್ಲ" ಎಂದಿದ್ದು. ನಿನ್ನ ಬಿಡುಗಡೆಗೆ ನಾನೂ ಕಾಯುತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳಿದ್ದರೆ ಇಬ್ಬರೂ ಕುಣಿಯಬಹುದಿತ್ತು.

ಕುರ್ಚಿ ಕೊಡುತ್ತಾರೆ. ಇಲ್ಲಿಯ ಮೆಕ್ಯಾನಿಕ್ ನೋಡಿದ. ಪುಟ್ಟ ಚಕ್ರ ಹೊಸದು ಹಾಕುತ್ತಾನೆ. ಲಿಥಿಯಂ ಬ್ಯಾಟರಿಯನ್ನು ಸೀಟಿನ ಕೆಳಗೆ ತರುತ್ತಾನೆ. ಅದು ಆರು, ಉಳಿದ ಹದಿನೆಂಟು ಕೆಜಿಗೆ ಪೆಟ್ಟಿಗೆಯಲ್ಲಿ ಏನಾದರೂ ಭಾರ ಕೂರಿಸಬೇಕಂತೆ. ಕಬ್ಬಿಣದ ತುಂಡು ಹುಡುಕುತ್ತೇನೆ ಎಂದ. ಬೇಡ ಎಂದೆ.

ಅಪ್ಪನ ಬಟ್ಟುಗಳನ್ನು ಕಳಿಸು. ಐದರವು ಮೂರು, ಎರಡರದು ಒಂದು, ಒಂದರದು ಒಂದು. ಸರ್ಕಾರಿ ಮುದ್ರೆ ಇರುವವು. ಗಾಜಿನ ಬಾಗಿಲಿನ ಕಪಾಟಿನಲ್ಲಿರುವವು. ಬೇರೆ ಯಾವುದೂ ಬೇಡ.

ಅವಿಲ್ಲದೆ ನಿನ್ನ ತಕ್ಕಡಿ ರಿಪೇರಿ ಪರವಾನಗಿ ನಿಲ್ಲುವುದಿಲ್ಲ ಎಂದು ನನಗೆ ಗೊತ್ತು.

ಕೇಂದ್ರದ ಹಿಂದಿನ ಬೀದಿಯಲ್ಲಿ ನೆಲದ ಮಟ್ಟಕ್ಕೇ ಇರುವ ಒಂದು ಕೋಣೆ ಹಿಡಿದಿದ್ದೇನೆ. ಆರು ಕಿಲೋಮೀಟರ್ ದೂರದಲ್ಲಿ ಬಟ್ಟೆ ಅಂಗಡಿಯೊಂದಿದೆ, ಅಳತೆ ಬರೆದುಕೊಳ್ಳುವ ಕೆಲಸ. ಹೋಗಿ ಬರಲು ನಿನ್ನ ಬ್ಯಾಟರಿ ಸಾಕಾಗುತ್ತದೆ. ಒಳ್ಳೆಯ ಬ್ಯಾಟರಿ. ಆ ಇಳಿಜಾರನ್ನು ಒಡೆಸು. ನೂರು ವರ್ಷ ಇರುವುದು ಬೇಡ.

ಸಾಮಾನಿನ ಲಾರಿಯಲ್ಲಿ ಕಳಿಸು. ನೀನು ತರಬೇಡ.

ಅಕ್ಕ

*

ಜುಲೈ 1
ದನಿಯಲ್ಲಿ

ಅಕ್ಕಾ, ಲಾರಿಗೆ ಹಾಕಿ ಬಂದೆ.

ಕಪಾಟಿನ ಕೀಲಿ ಹುಡುಕೋಕೆ ಅರ್ಧ ದಿನ ಹಿಡೀತು. ಅಪ್ಪ ಅವನ್ನ ಬರಿಗೈಲಿ ಮುಟ್ಟೋಕೆ ಬಿಡ್ತಿರಲಿಲ್ಲ, ಬೆವರಿಗೆ ತುಕ್ಕು ಹಿಡಿಯುತ್ತೆ ಅಂತ. ನಾನೂ ಬಟ್ಟೆಲೇ ಎತ್ತಿದೆ. ಒಂದೊಂದನ್ನೂ ಮಗುಚಿ ನೋಡ್ದೆ. ಅಡಿಯಲ್ಲಿ ತೂತು, ತೂತಿನಲ್ಲಿ ಸೀಸ, ಸೀಸದ ಮೇಲೆ ಮುದ್ರೆ. ಅಪ್ಪ ಹೇಳ್ತಿದ್ರಲ್ಲ, "ಬಟ್ಟು ಸವೆದ್ರೆ ತೂತಿಗೆ ಸೀಸ ತುಂಬಿ ಸರಿ ಮಾಡಬಹುದು ಕಣೋ, ಮನುಷ್ಯ ಸವೆದ್ರೆ ಎಲ್ಲಿಗೆ ತುಂಬ್ತೀಯ?" ಅವಾಗ ನಗು ಬರೋದು.

ಹಳೇ ಪಂಚೆಲಿ ಸುತ್ತಿ ಹೊಲಿದೆ. ಹೊಲಿಗೆ ನೋಡಿ ಬೈಬೇಡ.

ಮುಂದಿನ ತಿಂಗಳು ತಪಾಸಣೆಯವರು ಬರ್ತಾರೆ. ಹೊಸ ಬಟ್ಟು ತಂದು ಮುದ್ರೆ ಹಾಕಿಸಬಹುದು, ಆದ್ರೆ ಹಳೇವು ಎಲ್ಲಿ ಅಂತ ಕೇಳೇ ಕೇಳ್ತಾರೆ. ಹೇಳ್ಬೇಕು. ಹೇಳಿದ ಮೇಲೆ ಅಂಗಡಿ ಇರುತ್ತೋ ಇಲ್ವೋ. ಇವತ್ತು ಚಿನ್ನದಂಗಡಿಯವರು ಬಂದಿದ್ರು, "ಸದ್ಯಕ್ಕೆ ತಗೊಳ್ಳಲ್ಲ" ಅಂದೆ. ಕಪಾಟಿನಲ್ಲಿ ಐದು ಗುಂಡು ಗುರುತು ಉಳಿದಿದೆ, ಧೂಳಿಲ್ಲದ ಜಾಗ.

ಇಳಿಜಾರು ಒಡೆಯೋಕೆ ಗಾರೆಯವನಿಗೆ ಹೇಳಿದ್ದೀನಿ. "ಇಷ್ಟು ಗಟ್ಟಿ ಯಾರು ಕಟ್ಟಿದ್ದು ಸಾರ್" ಅಂದ.

ಬಟ್ಟು ತಲುಪಿದ್ರೆ ಒಂದು ಸಾಲು ಬರಿ. ಎರಡು ಪದ ಆದ್ರೂ ಸಾಕು.

ತಮ್ಮ

*

ಜುಲೈ 12

ಬಟ್ಟುಗಳು ತಲುಪಿದವು. ಪೆಟ್ಟಿಗೆಗೆ ಹಾಕುವ ಮೊದಲು ಇಲ್ಲಿಯ ಅಡುಗೆಮನೆಯ ಕಾಟಾ ಮೇಲೆ ಒಂದೊಂದನ್ನೇ ಇಟ್ಟು ತೂಗಿಸಿದೆ.

ಹದಿನೆಂಟು. ಸರಿಯಾಗಿದೆ.

*

ಜುಲೈ 16
ದನಿಯಲ್ಲಿ

ಅಕ್ಕಾ...

ಅಪ್ಪನ ಬಟ್ಟುಗಳನ್ನ ತೂಗಿಸಿದ್ಯಾ?

ಊರಿನ ತಕ್ಕಡಿಗಳನ್ನೆಲ್ಲ ಅವುಗಳಿಂದಾನೇ ಸರಿ ಮಾಡ್ತಿದ್ದಿದ್ದು. ಅವನ್ನ ಅಡುಗೆಮನೆ ಕಾಟಾ ಮೇಲೆ ಇಟ್ಟು...

ನನ್ನ ಕೈಯಿಂದ ಬಂದ್ವು ಅಂತ ತಾನೇ?

ಸರಿ.